ಮನೆ ಕೈಗೆ ಬಂತು, ಒಳಗಿನ ಸಾಮಾನು?

ಕೋರ್ಟು ನಿಮ್ಮ ಪರ ತೀರ್ಪು ಕೊಟ್ಟಿದೆ. ಬಾಡಿಗೆದಾರ ಫೋನ್ ಎತ್ತುತ್ತಿಲ್ಲ. ಬಾಗಿಲಿಗೆ ಬೀಗ. ಕಿಟಕಿ ಸಂದಿಯಲ್ಲಿ ಇಣುಕಿದರೆ ಮಂಚ, ಬೀರು, ಗೋಡೆಯ ಟಿವಿ ಎಲ್ಲ ಹಾಗೇ ಇವೆ. ವರ್ಷಗಟ್ಟಲೆ ಕೋರ್ಟು ಅಲೆದು ಗೆದ್ದ ಮಾಲೀಕರು ಮುಗ್ಗರಿಸುವುದು ಇಲ್ಲೇ. ಕೆಲವರು ಟೆಂಪೊ ಕರೆಸಿ ಎಲ್ಲವನ್ನೂ ಬೀದಿಗೆ ಹಾಕುತ್ತಾರೆ. ಇನ್ನು ಕೆಲವರು ಬಾಕಿ ಬಾಡಿಗೆಗೆ ಎಂದು ಟಿವಿ ಇಟ್ಟುಕೊಳ್ಳುತ್ತಾರೆ. ಮರುವಾರ ಠಾಣೆಯಿಂದ ಕರೆ ಬರುತ್ತದೆ: ಬೀರುವಿನಲ್ಲಿ ಬಂಗಾರ ಇತ್ತಂತೆ, ಈಗ ಇಲ್ಲವಂತೆ. ಇರಲೇ ಇಲ್ಲ ಎಂದು ನೀವು ಹೇಗೆ ತೋರಿಸುತ್ತೀರಿ?

ತೆರವು ಡಿಕ್ರಿಯಿಂದ ನಿಮಗೆ ಸಿಗುವುದು ಕಟ್ಟಡದ ಸ್ವಾಧೀನ. ಒಳಗಿನ ಚಮಚ ಕೂಡ ಬಾಡಿಗೆದಾರನದೇ. ಮುಂದಿನ ಸೂತ್ರಗಳೆಲ್ಲ ಈ ಮಾತಿನ ಮೇಲೆ ನಿಂತಿವೆ. ಹೇಳುತ್ತಿರುವುದು ಕರ್ನಾಟಕದ, ಅದರಲ್ಲೂ ಬೆಂಗಳೂರಿನ ಬಾಡಿಗೆ ಮನೆ ಮತ್ತು ಮಳಿಗೆಗಳ ಮಟ್ಟಿಗೆ. ನಿಮ್ಮ ಪ್ರಕರಣದ ಕಾಗದ ನೋಡಿರುವ ವಕೀಲರ ಮಾತು ಇದಕ್ಕಿಂತ ದೊಡ್ಡದು.

1. ತೀರ್ಪಿನ ಪ್ರತಿ ಬೀಗದ ಕೈ ಅಲ್ಲ

ತೀರ್ಪು ಬಂದ ಸಂಜೆಯೇ ಬೀಗ ಒಡೆಸುವವರಿದ್ದಾರೆ. ಕ್ರಮ ಅದಲ್ಲ. ಅಮಲ್ಜಾರಿ ಅರ್ಜಿ ಹಾಕಬೇಕು, ಕೋರ್ಟು ಸ್ವಾಧೀನದ ವಾರಂಟ್ ಹೊರಡಿಸಬೇಕು, ಬೇಲಿಫ್ ಬಂದು ಸ್ವಾಧೀನ ಕೊಡಿಸಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 35ನೇ ನಿಯಮ ಬೀಗ ತೆಗೆಸುವ, ಬಾಗಿಲು ಒಡೆಸುವ ಅಧಿಕಾರ ಕೊಟ್ಟಿರುವುದು ಕೋರ್ಟಿನ ಸಿಬ್ಬಂದಿಗೆ. ಬಾಡಿಗೆ ತಿಂಗಳಿಗೆ 3,500 ರೂಪಾಯಿ ಮೀರಿದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ಬೆಂಗಳೂರಿನ ಇಂದಿನ ತೆರವು ದಾವೆಗಳು ಬಹುತೇಕ ಲಘು ವ್ಯವಹಾರಗಳ ನ್ಯಾಯಾಲಯದಲ್ಲೇ ನಡೆಯುತ್ತವೆ. ಯಾವ ಕೋರ್ಟಾದರೂ ಅಮಲ್ಜಾರಿಯ ಮೆಟ್ಟಿಲು ತಪ್ಪಿದ್ದಲ್ಲ.

ಡಿಕ್ರಿಯನ್ನು ಜಾರಿಗೆ ತರಲು 12 ವರ್ಷ ಕಾಲಾವಕಾಶವಿದೆ ಎಂದು ಮಲಗಬೇಡಿ. ಎರಡು ವರ್ಷ ದಾಟಿದರೆ ಎದುರಿನವರಿಗೆ ಮತ್ತೆ ನೋಟಿಸ್ ಕೊಟ್ಟೇ ಮುಂದುವರಿಯಬೇಕು. ಅಮಲ್ಜಾರಿ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ರಾಹುಲ್ ಶಾ ಪ್ರಕರಣದಲ್ಲಿ ಹೇಳಿತು. ಕರ್ನಾಟಕ ಹೈಕೋರ್ಟಿನಿಂದಲೇ ಮೇಲೆ ಹೋದ ಪ್ರಕರಣ ಅದು. ನಿಮ್ಮ ಅರ್ಜಿ ತೆವಳುತ್ತಿದ್ದರೆ ಆ ತೀರ್ಪನ್ನು ನೆನಪಿಸಲು ವಕೀಲರಿಗೆ ಹೇಳಿ.

ಬಾಡಿಗೆದಾರ ತಾನಾಗಿ ಬಂದು ಕೀಲಿಕೈ ಕೊಟ್ಟರೆ ಮಾತು ಬೇರೆ. ಆಗಲೂ ಒಂದು ಚೀಟಿ ಬರೆಸಿಕೊಳ್ಳಿ: ಇಂಥ ದಿನ ಕೀಲಿಕೈ ಕೊಟ್ಟಿದ್ದೇನೆ, ಒಳಗೆ ಇಂಥಿಂಥ ಸಾಮಾನು ಉಳಿದಿದೆ, ಅದು ಬೇಕು ಅಥವಾ ಬೇಡ.

2. ವಾರಂಟ್ ಕೇಳುವಾಗಲೇ ಸಾಮಾನಿನ ಮಾತೂ ಎತ್ತಿ

ಹೆಚ್ಚಿನವರು ಅರ್ಜಿಯಲ್ಲಿ ಸ್ವಾಧೀನವನ್ನಷ್ಟೇ ಕೇಳುತ್ತಾರೆ. ಬೇಲಿಫ್ ಬಂದು, ಸ್ವಾಧೀನ ಕೊಟ್ಟು, ಸಹಿ ಹಾಕಿಸಿಕೊಂಡು ಹೊರಟುಹೋಗುತ್ತಾರೆ. ಸಾಮಾನಿನ ಮಧ್ಯೆ ಮಾಲೀಕರು ಒಬ್ಬರೇ ನಿಂತಿರುತ್ತಾರೆ. ಮೊದಲೇ ಕೇಳಬೇಕಾದದ್ದು ಇಷ್ಟು: ಬೀಗ ಒಡೆಯಲು ಅನುಮತಿ, ಪೊಲೀಸ್ ರಕ್ಷಣೆ, ಒಳಗಿನ ವಸ್ತುಗಳ ಪಟ್ಟಿ ಮಾಡಲು ನಿರ್ದೇಶನ, ಅವನ್ನು ಯಾರ ವಶದಲ್ಲಿ ಎಲ್ಲಿಡಬೇಕು, ಖರ್ಚು ಯಾರದು, ಯಾರೂ ಬರದಿದ್ದರೆ ಎಷ್ಟು ದಿನದ ನಂತರ ಏನು ಮಾಡಬೇಕು.

ಆ ಕೊನೆಯ ಪ್ರಶ್ನೆಗೆ ಸಂಹಿತೆಯಲ್ಲಿ ಸಿದ್ಧ ಉತ್ತರವಿಲ್ಲ. ಗೂಗಲ್‌ನಲ್ಲಿ ಹುಡುಕಿ ‘15 ದಿನ ಇಟ್ಟರೆ ಸಾಕು’ ಎಂದು ಓದಿಕೊಂಡು ಬರುವವರಿದ್ದಾರೆ. ಅದು ಕ್ಯಾಲಿಫೋರ್ನಿಯಾದ ಕಾನೂನು. ಅಲ್ಲಿ ಶೆರಿಫ್ ಮನೆ ಬಿಡಿಸಿಕೊಟ್ಟ ಮೇಲೆ ಮಾಲೀಕ 15 ದಿನ ಸಾಮಾನು ಕಾಯಬೇಕು. ಸ್ಯಾನ್ ಹೋಸೆಯಲ್ಲಿ ಮನೆ ಬಾಡಿಗೆಗೆ ಕೊಟ್ಟಿರುವ ನಿಮ್ಮ ಅಳಿಯನಿಗೆ ಅದು ಉಪಯೋಗಕ್ಕೆ ಬಂದೀತು, ಜಯನಗರದಲ್ಲಿ ಬಾರದು. ಇಲ್ಲಿ ದಿನದ ಲೆಕ್ಕ ಕೋರ್ಟಿನ ಆದೇಶದಲ್ಲೇ ಇರಬೇಕು. ಸಂಹಿತೆಯ 151ನೇ ಕಲಮಿನಡಿ ಹಾಗೆ ಆದೇಶ ಕೊಡಿ ಎಂದು ಕೇಳಬಹುದು.

3. ಮೇಲಿನ ಕೋರ್ಟಿನ ಬಾಗಿಲ ಕಡೆ ಕಣ್ಣಿಡಿ

ತೀರ್ಪಿನ ವಿರುದ್ಧ ಎದುರಿನವರು ಹೈಕೋರ್ಟಿಗೆ ಹೋಗಬಹುದು. ನೀವು ಸಾಮಾನು ಸಾಗಿಸಿದ ಮರುದಿನ ತಡೆಯಾಜ್ಞೆ ಬಂದರೆ ಎಲ್ಲ ಅಯೋಮಯ. ನಿಮ್ಮನ್ನು ಕೇಳದೆ ತಡೆಯಾಜ್ಞೆ ಕೊಡಬಾರದೆಂದು ಮುಂಚಿತವಾಗಿ ಕೇವಿಯಟ್ ಹಾಕಿ. ಅದರ ಆಯಸ್ಸು 90 ದಿನ, ಮುಗಿದರೆ ಹೊಸದು ಹಾಕಿಸಿ.

4. ಸ್ವಾಧೀನದ ದಿನ ಕೈಬೀಸಿಕೊಂಡು ಹೋಗಬೇಡಿ

ಬೇಕಾದವು: ಬೀಗ ತೆಗೆಯುವವನು, ಹೊಸ ಬೀಗ ಎರಡು, ರಟ್ಟಿನ ಪೆಟ್ಟಿಗೆ, ಗೋಣಿಚೀಲ, ಮಾರ್ಕರ್ ಪೆನ್, ಟಾರ್ಚ್. ಬಿಲ್ ಕಟ್ಟದೆ ಕರೆಂಟ್ ಹೋಗಿರುವ ಮನೆಯೇ ಹೆಚ್ಚು, ಟಾರ್ಚ್ ಮರೆತರೆ ಅಟ್ಟದ ಮೇಲೇನಿದೆ ಎಂಬುದು ಪಟ್ಟಿಗೆ ಸೇರುವುದಿಲ್ಲ. ಪಂಚರಾಗಿ ನಿಲ್ಲಲು ನೆರೆಹೊರೆಯ ಇಬ್ಬರನ್ನು ಒಪ್ಪಿಸಿ. ನಿಮ್ಮ ಭಾವಮೈದ ಬೇಡ, ನಾಳೆ ಸಾಕ್ಷಿ ಹೇಳುವಾಗ ಅವನ ಮಾತಿಗೆ ತೂಕ ಬರುವುದಿಲ್ಲ. ಹುಡುಗರ ಗುಂಪು ಕಟ್ಟಿಕೊಂಡು ಹೋಗಲೇಬೇಡಿ. ಕೂಲಿಯವರು ಸಾಕು, ಅದೂ ಬೇಲಿಫ್ ಹೇಳಿದ ಮೇಲೆ ಒಳಗೆ ಬರಲಿ.

5. ಮಹಜರು ಬರೆಯುವಾಗ ಜಿಪುಣರಾಗಬೇಡಿ

ಇಡೀ ಕೆಲಸದ ಜೀವ ಇದರಲ್ಲಿದೆ. ‘ಬೀರು 1, ಮಂಚ 2, ಪಾತ್ರೆಗಳು’ ಎಂದು ಮೂರು ಸಾಲು ಬರೆದು ಮುಗಿಸಿದ ಪಟ್ಟಿ ಯಾರನ್ನೂ ಕಾಪಾಡುವುದಿಲ್ಲ. ಕೋಣೆ ಕೋಣೆಯಾಗಿ ಬರೆಸಿ. ‘ಹಸಿರು ಬಣ್ಣದ ಎರಡು ಬಾಗಿಲ ಕಬ್ಬಿಣದ ಬೀರು, ಎಡಬದಿ ತಗ್ಗು, ಬೀಗ ಹಾಕಿದೆ, ಕೀಲಿ ಸಿಕ್ಕಿಲ್ಲ’ ಎಂದಿದ್ದರೆ ನಾಳೆ ಯಾರೂ ಅದನ್ನು ಹೊಸ ಬೀರು ಎನ್ನಲಾರರು. ಟಿವಿ, ಫ್ರಿಜ್, ವಾಷಿಂಗ್ ಮಷೀನಿಗೆ ಕಂಪನಿ ಹೆಸರಿನ ಜೊತೆ ಹಿಂಬದಿಯ ಸೀರಿಯಲ್ ನಂಬರ್ ಬೇಕು. ಒಡೆದದ್ದನ್ನು ಒಡೆದಿದೆ ಎಂದೇ ಬರೆಸಿ. ಕೆಲಸ ಮಾಡುತ್ತದೋ ಇಲ್ಲವೋ ನೋಡಿಲ್ಲವೆಂದರೆ ‘ಪರೀಕ್ಷಿಸಿಲ್ಲ’ ಎಂದು ಬರೆಸಿ.

ಬೀಗ ಹಾಕಿದ ಬೀರುವೇ ದೊಡ್ಡ ತಲೆನೋವು. ಅದನ್ನು ನೀವಾಗಿ ತೆರೆಯಬೇಡಿ. ತೆರೆಯುವುದಾದರೆ ಬೇಲಿಫ್, ಪಂಚರು, ಕ್ಯಾಮೆರಾ ಮೂರೂ ಎದುರಿರಲಿ. ಇಲ್ಲವಾದರೆ ಹಾಗೇ ಬಟ್ಟೆ ಸುತ್ತಿ, ಅರಗಿನ ಮುದ್ರೆ ಹಾಕಿಸಿ, ಮುದ್ರೆಯ ಮೇಲೆ ಪಂಚರ ಸಹಿ ತೆಗೆದುಕೊಳ್ಳಿ. ಒಡವೆ ಸಿಕ್ಕರೆ ‘ಚಿನ್ನದ ಸರ’ ಎಂದು ಬರೆಸುವ ಉತ್ಸಾಹ ಬೇಡ. ಅನುಭವಿಗಳು ಬರೆಯುವುದು ‘ಹಳದಿ ಲೋಹದ ಸರ, ಒಂದು’ ಎಂದು. ಅದು ಚಿನ್ನವೋ ಗಿಲೀಟೋ ನೀವು ಪರೀಕ್ಷಿಸಿಲ್ಲ, ನಾಳೆ ಗಿಲೀಟು ಎಂದು ಗೊತ್ತಾದಾಗ ಚಿನ್ನವನ್ನು ಬದಲಾಯಿಸಿದಿರಿ ಎಂಬ ಮಾತು ಬರಬಾರದು. ನಗದು ಸಿಕ್ಕರೆ ನೋಟುಗಳನ್ನು ಮುಖಬೆಲೆಯಂತೆ ಎಣಿಸಿ ಬರೆಸಿ. ಒಡವೆ, ನಗದು ಎರಡನ್ನೂ ನಿಮ್ಮ ಮನೆಗೆ ಒಯ್ಯಬೇಡಿ, ಕೋರ್ಟಿನ ವಶಕ್ಕೇ ಒಪ್ಪಿಸಲು ಕೇಳಿ.

ನಮ್ಮ ಹೆಂಗಸರು ಒಡವೆ ಬಚ್ಚಿಡುವ ಜಾಗಗಳು ನಿಮಗೂ ಗೊತ್ತು: ಅಕ್ಕಿ ಡಬ್ಬ, ಹಾಸಿಗೆಯ ಹೊಲಿಗೆ, ದೇವರ ಪಟದ ಹಿಂದೆ. ದಿನಸಿ ಡಬ್ಬಗಳನ್ನು ಕಣ್ಣೆದುರೇ ಸುರಿದು ನೋಡಿ, ನೋಡಿದ್ದೇವೆ ಎಂದು ಬರೆಸಿ. ವಿಡಿಯೊ ಬಾಗಿಲಿನಿಂದ ಶುರುವಾಗಿ ಕೊನೆಯವರೆಗೆ ಒಂದೇ ಓಟದಲ್ಲಿರಲಿ, ತುಂಡು ತುಂಡು ಬೇಡ. ಅದನ್ನು ಸಾಕ್ಷ್ಯವಾಗಿ ಹಾಜರುಪಡಿಸಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ. ಆದ್ದರಿಂದ ಯಾರ ಫೋನಿನಲ್ಲಿ ತೆಗೆದದ್ದು ಎಂಬುದು ನೆನಪಿರಲಿ, ಆ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಡಬೇಡಿ.

6. ಬಾಕಿ ಬಾಡಿಗೆಗೆ ಟಿವಿ ಹಿಡಿಯಬೇಡಿ

‘ಬಾಕಿ ಕೊಡಲಿ, ಸಾಮಾನು ತಗೊಂಡು ಹೋಗಲಿ.’ ಮಾಲೀಕರ ಬಾಯಲ್ಲಿ ಸಹಜವಾಗಿ ಬರುವ ಮಾತು, ಕೇಳಲು ನ್ಯಾಯವಾಗಿಯೂ ಇದೆ. ಕಾನೂನು ಮಾತ್ರ ಒಪ್ಪುವುದಿಲ್ಲ. ಸಾಲಕ್ಕೆ ಪ್ರತಿಯಾಗಿ ವಸ್ತು ತಡೆಹಿಡಿಯುವ ಸಾಮಾನ್ಯ ಹಕ್ಕನ್ನು 1872ರ ಕರಾರು ಕಾಯ್ದೆಯ 171ನೇ ಕಲಂ ಬ್ಯಾಂಕಿನವರಂಥ ಕೆಲವರಿಗಷ್ಟೇ ಕೊಟ್ಟಿದೆ. ಆ ಪಟ್ಟಿಯಲ್ಲಿ ಮನೆ ಮಾಲೀಕರಿಲ್ಲ. ಇನ್ನೊಬ್ಬರ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆದುಕೊಂಡು, ದುಡ್ಡು ಕೊಟ್ಟರೆ ವಾಪಸ್ ಎನ್ನುವವನ ಕತೆ ದಂಡ ಸಂಹಿತೆಯಲ್ಲಿ ಕಳ್ಳತನದ ಉದಾಹರಣೆಗಳ ಸಾಲಿನಲ್ಲೇ ಇತ್ತು. ಸಿವಿಲ್ ಕೇಸು ಗೆದ್ದವರು ಕ್ರಿಮಿನಲ್ ಕೇಸಿನ ಆರೋಪಿಯಾಗುವುದು ಹೀಗೆ.

ಬಾಕಿ ವಸೂಲಿಗೆ ನೇರ ದಾರಿಯಿದೆ. ನಿಮ್ಮ ಡಿಕ್ರಿಯಲ್ಲಿ ಹಣದ ಆದೇಶವೂ ಇದ್ದರೆ ಅದೇ ಸಾಮಾನನ್ನು ಕೋರ್ಟಿನ ಮೂಲಕ ಜಪ್ತಿ ಮಾಡಿಸಿ ಹರಾಜು ಹಾಕಿಸಬಹುದು. ಅದರಲ್ಲೂ ಉಟ್ಟ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಣ್ಣುಮಕ್ಕಳು ಬಿಟ್ಟುಕೊಡಲಾಗದ ಒಡವೆ, ಕುಶಲಕರ್ಮಿಯ ಉಪಕರಣಗಳನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಂ ಜಪ್ತಿಯಿಂದ ಹೊರಗಿಟ್ಟಿದೆ. ಇನ್ನು ಅಡ್ವಾನ್ಸ್ ನಿಮ್ಮ ಕೈಯಲ್ಲೇ ಇದ್ದರೆ ಬಾಕಿ, ಕರೆಂಟ್, ನೀರು ಎಲ್ಲ ಕಳೆದು ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಿ. ಹಳೇ ಸೋಫಾ ಮಾರಿ ಬರುವ ಪುಡಿಗಾಸಿಗಿಂತ ಈ ಹಾಳೆಯೇ ನಿಮಗೆ ಹೆಚ್ಚು ತಂದುಕೊಟ್ಟೀತು.

7. ನೋಟಿಸ್ ಒಂದೇ ಕಡೆಗಲ್ಲ, ಸಿಕ್ಕ ಕಡೆಗೆಲ್ಲ

ಖಾಲಿ ಮಾಡಿದ ಮನೆಯ ವಿಳಾಸಕ್ಕೇ ನೋಟಿಸ್ ಕಳಿಸಿ ‘ಬಾಗಿಲು ಹಾಕಿದೆ’ ಎಂಬ ಷರಾ ಸಹಿತ ವಾಪಸ್ ಪಡೆಯುವ ನಾಟಕ ಬೇಡ. ಬಾಡಿಗೆ ಕರಾರಿನಲ್ಲಿರುವ ಊರಿನ ವಿಳಾಸ, ಆಧಾರ್ ಪ್ರತಿಯಲ್ಲಿರುವ ವಿಳಾಸ, ಕೆಲಸದ ಜಾಗ, ಕೇಸಿನಲ್ಲಿ ಅವರ ಪರ ವಾದಿಸಿದ ವಕೀಲರು, ಇವಿಷ್ಟಕ್ಕೂ ಸ್ಪೀಡ್ ಪೋಸ್ಟ್ ಮಾಡಿ. ವಾಟ್ಸಾಪ್‌ಗೂ ಇಮೇಲ್‌ಗೂ ಹಾಕಿ. ಭಾಷೆ ಸರಳವಾಗಿರಲಿ, ಬೈಗುಳ ಬೇಡ. ಹೀಗಿದ್ದರೆ ಸಾಕು:

‘ಇಂಥ ತಾರೀಖು ಕೋರ್ಟಿನ ಬೇಲಿಫ್ ಮೂಲಕ ಮನೆಯ ಸ್ವಾಧೀನ ಪಡೆದಿದ್ದೇವೆ. ಒಳಗಿದ್ದ ನಿಮ್ಮ ವಸ್ತುಗಳ ಪಟ್ಟಿ ಮತ್ತು ಫೋಟೊ ಲಗತ್ತಿಸಿದೆ. ಅವು ಇಂಥ ಜಾಗದಲ್ಲಿ ಸುರಕ್ಷಿತವಾಗಿವೆ. ಇಂಥ ತಾರೀಖಿನೊಳಗೆ ಬೆಳಿಗ್ಗೆ 10ರಿಂದ ಸಂಜೆ 5ರ ನಡುವೆ ಬಂದು ಒಯ್ಯಬಹುದು. ಬೇಡದ ವಸ್ತುಗಳಿದ್ದರೆ ಬರೆದು ತಿಳಿಸಿ. ಬಾರದಿದ್ದರೆ ಕೋರ್ಟಿನ ಆದೇಶದಂತೆ ನಡೆದುಕೊಳ್ಳುತ್ತೇವೆ.’

ಉತ್ತರವಾಗಿ ‘ನನಗೆ ಬೇಡ, ಏನಾದರೂ ಮಾಡಿಕೊಳ್ಳಿ’ ಎಂದು ವಾಟ್ಸಾಪ್ ಬಂದರೆ ಅದು ಬಂಗಾರ. ‘ಯಾವ್ಯಾವುದು ಬೇಡ ಅಂತ ಪಟ್ಟಿ ನೋಡಿ ಹೇಳಿ’ ಎಂದು ಮರುಪ್ರಶ್ನೆ ಹಾಕಿ, ಉತ್ತರ ತೆಗೆದಿಟ್ಟುಕೊಳ್ಳಿ.

8. ಟೆಂಪೊ ಬಾಡಿಗೆ ನೀವೇ ಕೊಡಿ

ಇದನ್ನು ಓದಿ ಕೆಲವರಿಗೆ ಸಿಟ್ಟು ಬರುತ್ತದೆ. ಬಾಡಿಗೆಯನ್ನೇ ಕೊಡದವನಿಗೆ ಟಾಟಾ ಏಸ್ ಬೇರೆ ಮಾಡಿಕೊಡಬೇಕೇ? ಲೆಕ್ಕ ಹಾಕಿ ನೋಡಿ. ಒಂದು ಕೋಣೆ ತುಂಬ ಸಾಮಾನು ಮೂರು ತಿಂಗಳು ಬಿದ್ದಿದ್ದರೆ ಆ ಮನೆಯ ಮೂರು ತಿಂಗಳ ಬಾಡಿಗೆ ಹೋಯಿತು. ‘ಗಾಡಿ ಖರ್ಚು ನನ್ನದು, ವಿಳಾಸ ಕೊಡಿ’ ಎಂದರೆ ಫೋನೇ ಎತ್ತದವರೂ ಎತ್ತುತ್ತಾರೆ.

9. ಇಟ್ಟುಕೊಂಡದ್ದನ್ನು ಬಳಸಬೇಡಿ

ವಸ್ತು ನಿಮ್ಮ ವಶಕ್ಕೆ ಬಂದಮೇಲೆ ನಿಮ್ಮದೇ ವಸ್ತುವಿನಷ್ಟು ಜೋಪಾನ ಮಾಡಿ. ಕರಾರು ಕಾಯ್ದೆಯ 151ನೇ ಕಲಂ ನಂಬಿಕೆಯ ಮೇಲೆ ವಸ್ತು ಇಟ್ಟುಕೊಂಡವರಿಂದ ಬಯಸುವುದು ಅಷ್ಟನ್ನೇ. ಫ್ರಿಜ್ಜನ್ನು ತಂಗಿಯ ಮನೆಗೆ ‘ಸದ್ಯಕ್ಕೆ’ ಕಳಿಸುವುದು, ಸ್ಕೂಟರನ್ನು ಮಗ ಓಡಿಸುವುದು, ಎರಡೂ ತಪ್ಪು. ಮಳೆ ಸೋರದ, ಇಲಿ ಬಾರದ ಒಂದು ಕೋಣೆ ಸಾಕು. ಗೋಡೌನಿಗೆ ಸಾಗಿಸಿದರೆ ಪ್ರತಿ ಖರ್ಚಿಗೂ ರಸೀದಿ ಬೇಕು, ಕೂಲಿಯವರಿಂದಲೂ ಚೀಟಿ ಬರೆಸಿಕೊಳ್ಳಿ. ರಸೀದಿ ಇಲ್ಲದ ಖರ್ಚನ್ನು ಮುಂದೆ ಕೋರ್ಟಿನಲ್ಲಿ ಕೇಳಲಾಗದು.

10. ಕಾಯಲಾಗದ ವಸ್ತುಗಳು

ಕೊಳೆಯುವ ತರಕಾರಿ, ಫ್ರಿಜ್ಜಿನೊಳಗಿನ ಹಿಟ್ಟು: ಫೋಟೊ ತೆಗೆದು ಅಂದೇ ಎಸೆಯಿರಿ, ಮಹಜರಿನಲ್ಲಿ ಒಂದು ಸಾಲು ಇರಲಿ. ಗ್ಯಾಸ್ ಸಿಲಿಂಡರ್ ಬಾಡಿಗೆದಾರನದೂ ಅಲ್ಲ, ನಿಮ್ಮದೂ ಅಲ್ಲ, ಆಯಿಲ್ ಕಂಪನಿಯದು. ಏಜೆನ್ಸಿಗೆ ಒಪ್ಪಿಸಿ ರಸೀದಿ ಪಡೆಯಿರಿ. ಬಂದೂಕು, ಗುಂಡು ಕಂಡರೆ ಮುಟ್ಟದೆ ಠಾಣೆಗೆ ತಿಳಿಸಿ. ಬೆಕ್ಕು, ನಾಯಿ, ಪಂಜರದ ಹಕ್ಕಿ ಉಳಿದಿದ್ದರೆ ಅಂದೇ ಪ್ರಾಣಿ ಸಂರಕ್ಷಣಾ ಸಂಸ್ಥೆಯವರಿಗೆ ಫೋನ್ ಮಾಡಿ, ಅದು ಪಟ್ಟಿಗೆ ಸೇರುವ ಸಾಮಾನಲ್ಲ.

ದೇವರ ಮನೆಯ ಬಗ್ಗೆ ಕಾನೂನಿನಲ್ಲಿ ಪ್ರತ್ಯೇಕ ಮಾತಿಲ್ಲ. ಆದರೆ ಪಟಗಳನ್ನು ಕಸದ ಗಾಡಿಗೆ ಹಾಕಿದರೆ ಬೀದಿಯೆಲ್ಲ ಮಾತಾಡುತ್ತದೆ, ಅಶ್ವತ್ಥಕಟ್ಟೆಯ ಮೇಲೆ ಇಟ್ಟು ಬರುವುದೂ ಕಳೆದುಹಾಕಿದಂತೆಯೇ. ಬೇರೆ ಪೆಟ್ಟಿಗೆಯಲ್ಲಿ ಕಟ್ಟಿ, ಮೇಲೆ ‘ದೇವರ ಮನೆ’ ಎಂದು ಬರೆದಿಡಿ. ಬೆಳ್ಳಿ ದೀಪ, ಪಂಚಪಾತ್ರೆ ಇದ್ದರೆ ಅವನ್ನು ಎಣಿಸಿ ‘ಬಿಳಿ ಲೋಹ’ದ ಸಾಲಿಗೆ ಸೇರಿಸಿ.

11. ಕಾಗದ ಗುಜರಿಗೆ ಹೋಗಬಾರದು

ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಪಹಣಿ, ಕ್ರಯಪತ್ರ, ಬ್ಯಾಂಕ್ ಪಾಸ್‌ಬುಕ್, ಮಗುವಿನ ಲಸಿಕೆ ಕಾರ್ಡು. ಇವುಗಳ ಗುಜರಿ ಬೆಲೆ ಕೆಜಿಗೆ ಕೆಲವೇ ರೂಪಾಯಿ, ಕಳೆದುಕೊಂಡವರಿಗೆ ವರ್ಷಗಳ ಅಲೆದಾಟ. ಒಂದು ಲಕೋಟೆಯಲ್ಲಿ ಹಾಕಿ, ಪಟ್ಟಿ ಮಾಡಿ, ಸಾಮಾನಿಗಿಂತ ಮೊದಲು ಇವನ್ನು ತಲುಪಿಸಲು ನೋಡಿ. ಪಾಸ್‌ಪೋರ್ಟ್ ಸಿಕ್ಕರೆ ನೆನಪಿಡಿ, 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಯಾವತ್ತೂ ಕೇಂದ್ರ ಸರ್ಕಾರದ ಸ್ವತ್ತು. ಬಾಡಿಗೆದಾರ ಸಿಗದಿದ್ದರೆ ಪಾಸ್‌ಪೋರ್ಟ್ ಕಚೇರಿಗೋ ಠಾಣೆಗೋ ಕೊಟ್ಟು ಸ್ವೀಕೃತಿ ಪಡೆಯಿರಿ. ಅದನ್ನು ಒತ್ತೆಯಿಟ್ಟುಕೊಂಡು ಬಾಕಿ ಕೇಳುವ ಯೋಚನೆ ತಲೆಗೆ ಬಂದರೆ ಆರನೇ ಸೂತ್ರವನ್ನು ಮತ್ತೆ ಓದಿ.

12. ಮಳಿಗೆಯಾದರೆ ಇನ್ನೂ ನಿಧಾನ

ಮನೆಯಲ್ಲಿರುವುದು ಒಂದು ಕುಟುಂಬದ ಸಾಮಾನು. ಅಂಗಡಿಯಲ್ಲಿ ಊರವರದೆಲ್ಲ ಇರುತ್ತದೆ. ದರ್ಜಿ ಅಂಗಡಿಯಲ್ಲಿ ಗಿರಾಕಿಗಳ ರವಿಕೆ ಬಟ್ಟೆ, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಇನ್ಯಾರದೋ ಫೋನು, ಜೆರಾಕ್ಸ್ ಅಂಗಡಿಯಲ್ಲಿ ಮರೆತುಹೋದ ಮೂಲ ದಾಖಲೆ, ಗಿರವಿ ಅಂಗಡಿಯಲ್ಲಿ ಹತ್ತು ಹಳ್ಳಿಯವರ ಕಿವಿಯೋಲೆ. ಷಟರ್ ಎತ್ತಿದ ಸುದ್ದಿ ಹಬ್ಬಿದ ಮರುಗಳಿಗೆ ಜನ ಬಂದು ನಿಲ್ಲುತ್ತಾರೆ. ಯಾರಿಗೂ ಅಲ್ಲೇ ತೆಗೆದುಕೊಡಬೇಡಿ, ಅವರು ಎಷ್ಟೇ ಬೇಡಿಕೊಂಡರೂ. ಹೆಸರು, ಫೋನ್ ನಂಬರ್, ಅವರ ಬಳಿಯಿರುವ ಚೀಟಿಯ ಫೋಟೊ ತೆಗೆದುಕೊಂಡು, ಗಿರಾಕಿಗಳ ವಸ್ತು ಹಿಂತಿರುಗಿಸಲು ಅನುಮತಿ ಕೊಡಿ ಎಂದು ಕೋರ್ಟನ್ನು ಕೇಳಿ. ಗಿರವಿ ಅಂಗಡಿಯಾದರಂತೂ ಒಂದು ಪೊಟ್ಟಣವನ್ನೂ ಬಿಚ್ಚದೆ ಮುದ್ರೆ ಹಾಕಿಸಿ.

ಗೋಡೆಯ ಮೇಲೆ ಬ್ಯಾಂಕಿನ ಬೋರ್ಡು ಹುಡುಕಿ. ದಾಸ್ತಾನಿನ ಮೇಲೆ ಸಾಲ ಪಡೆದಿದ್ದರೆ ಸರಕು ಇಂಥ ಬ್ಯಾಂಕಿಗೆ ಅಡಮಾನವಾಗಿದೆ ಎಂದು ಬರೆದಿರುತ್ತದೆ. ಆ ಶಾಖೆಗೂ ನೋಟಿಸ್ ಕೊಡಿ. ಮನೆಯಲ್ಲೂ ಸೋಫಾದ ಅಡಿಭಾಗ ನೋಡಿ, ತಿಂಗಳ ಬಾಡಿಗೆಗೆ ಪೀಠೋಪಕರಣ ಕೊಡುವ ಕಂಪನಿಯ ಸ್ಟಿಕ್ಕರ್ ಇದ್ದೀತು.

ಅಲ್ಮೇರಾ, ಕೌಂಟರ್, ಎಸಿ, ಬೋರ್ಡು ಇವನ್ನೆಲ್ಲ ಗೋಡೆಗೆ ಜೋಡಿಸಿದ್ದರೆ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ ಬಾಡಿಗೆದಾರ ತಾನು ಜೋಡಿಸಿದ್ದನ್ನು ಸ್ವಾಧೀನದಲ್ಲಿರುವವರೆಗೆ ಬಿಚ್ಚಿಕೊಂಡು ಹೋಗಬಹುದು, ಆಮೇಲೆ ಅಲ್ಲ. ಕರಾರಿನಲ್ಲಿ ಬೇರೆ ಮಾತಿದ್ದರೆ ಅದೇ ನಡೆಯುತ್ತದೆ. ಆದರೂ ಮೊಳೆಗೆ ನೇತುಹಾಕಿದ ಗಡಿಯಾರವನ್ನೂ ‘ಜೋಡಿಸಿದ್ದು’ ಎಂದು ವಾದಿಸಲು ಹೋಗಬೇಡಿ.

ನಡುವೆ ಯಾರೋ ಬಂದು ‘ನಾನು ಇಲ್ಲಿ ಒಳಬಾಡಿಗೆಗೆ ಇದ್ದೇನೆ’ ಎಂದು ಅಡ್ಡ ನಿಂತರೆ ಜಗಳ ಬೇಡ. ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 97ನೇ ನಿಯಮದಡಿ ಅರ್ಜಿ ಹಾಕಿದರೆ ಅದನ್ನೂ ಅಮಲ್ಜಾರಿ ಕೋರ್ಟೇ ತೀರ್ಮಾನಿಸುತ್ತದೆ.

13. ಕೆಳಗೆ ನಿಂತ ಗಾಡಿ

ಧೂಳು ಹಿಡಿದ ಬೈಕನ್ನು ಗುಜರಿಯವನಿಗೆ ಕೊಡಬೇಡಿ. ನಂಬರ್, ಚಾಸಿ ನಂಬರ್ ಎರಡನ್ನೂ ಬರೆದುಕೊಳ್ಳಿ. ಅದು ಬಾಡಿಗೆದಾರನ ಹೆಸರಿನಲ್ಲಿಲ್ಲದಿರಬಹುದು, ಸಾಲದ ಕಂತು ಬಾಕಿಯಿರಬಹುದು, ಕದ್ದದ್ದೂ ಆಗಿರಬಹುದು. ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

14. ಮಾರುವುದು ಕೋರ್ಟು ಹೇಳಿದ ಮೇಲೆ

ಕೊಟ್ಟ ದಿನ ಕಳೆದರೂ ಯಾರೂ ಬಾರದಿದ್ದರೆ ನೋಟಿಸಿನ ಪ್ರತಿ, ಅಂಚೆ ರಸೀದಿ, ಪಟ್ಟಿ, ಖರ್ಚಿನ ಲೆಕ್ಕ ಜೋಡಿಸಿ ಕೋರ್ಟಿಗೆ ಒಂದು ಮೆಮೊ ಹಾಕಿಸಿ, ವಿಲೇವಾರಿಗೆ ಆದೇಶ ಕೇಳಿ. ಬಿದ್ದದ್ದು ಸಿಕ್ಕವರಿಗೆ ಕರಾರು ಕಾಯ್ದೆಯ 169ನೇ ಕಲಂ ಒಂದು ವಿನಾಯಿತಿ ಕೊಟ್ಟಿದೆ: ಜೋಪಾನದ ಖರ್ಚು ವಸ್ತುವಿನ ಬೆಲೆಯ ಮೂರನೇ ಎರಡು ಭಾಗ ಮುಟ್ಟಿದರೆ, ಒಡೆಯ ಸಿಗದೆ ಇದ್ದರೆ ಅಥವಾ ಖರ್ಚು ಕೊಡಲು ಒಪ್ಪದಿದ್ದರೆ ಮಾರಬಹುದು. ನಿಮಗೆ ಒಡೆಯ ಯಾರೆಂದು ಗೊತ್ತು, ನೀವು ದಾರಿಯಲ್ಲಿ ಹೆಕ್ಕಿದವರಲ್ಲ. ಅದನ್ನು ನಂಬಿ ಸ್ವಂತಕ್ಕೆ ಮಾರಲು ಹೊರಡಬೇಡಿ, ಖರ್ಚು ಬೆಲೆಯನ್ನು ಮೀರುತ್ತಿದೆ ಎಂಬ ವಾದಕ್ಕೆ ಬಳಸಿ. ಮಾರಾಟಕ್ಕೆ ಅನುಮತಿ ಬಂದಾಗ ಇಬ್ಬರು ಮೂವರು ಗುಜರಿಯವರಿಂದ ಬರವಣಿಗೆಯಲ್ಲಿ ದರ ಪಡೆಯಿರಿ. ಬಂದ ಹಣವನ್ನು ಕೋರ್ಟಿಗೆ ಕಟ್ಟಿ, ನಿಮ್ಮ ಖರ್ಚನ್ನು ಅಲ್ಲಿಂದ ಕೇಳಿ ಪಡೆಯಿರಿ.

15. ಅವರು ಬಂದೇ ಬಿಟ್ಟರೆ

‘ಸರ್, ಸಾಮಾನು ತಗೊಂಡು ಹೋಗೋಕೆ ಬಂದಿದೀನಿ.’

‘ಬನ್ನಿ, ಮೊದಲು ಲಿಸ್ಟ್ ನೋಡೋಣ. ಬಾಡಿಗೆ ವಿಷಯ ವಕೀಲರು ಮಾತಾಡ್ಕೋತಾರೆ.’

ಮಾತು ಇಷ್ಟಕ್ಕೇ ನಿಲ್ಲಲಿ. ಹಗಲು ಹೊತ್ತಿನಲ್ಲಿ, ಮೂರನೆಯವರೊಬ್ಬರ ಎದುರು, ಪಟ್ಟಿಯ ಪ್ರತಿ ಸಾಲಿಗೂ ಗುರುತು ಹಾಕುತ್ತ ಕೊಡಿ. ಕೊನೆಗೆ ‘ಪಟ್ಟಿಯಲ್ಲಿರುವ ಎಲ್ಲ ವಸ್ತುಗಳು ತಲುಪಿವೆ, ಬೇರೆ ಏನೂ ಉಳಿದಿಲ್ಲ’ ಎಂದು ಅವರ ಕೈಬರಹದಲ್ಲೇ ಬರೆಸಿ ಸಹಿ ಮಾಡಿಸಿ. ತಮ್ಮನೋ ಸ್ನೇಹಿತನೋ ಬಂದರೆ ಅಧಿಕಾರಪತ್ರ ಕೇಳಿ. ಗಂಡ ಹೆಂಡತಿ ಬೇರೆಯಾಗಿದ್ದು ಇಬ್ಬರೂ ಒಂದೇ ಬೀರುವಿಗೆ ಬಂದರೆ ಪಂಚಾಯ್ತಿಗೆ ಕೂರಬೇಡಿ, ಇಬ್ಬರನ್ನೂ ಕೋರ್ಟಿಗೆ ಕಳಿಸಿ.

16. ಮುಂದಿನ ಕರಾರಿಗೆ ನಾಲ್ಕು ಸಾಲು ಸೇರಿಸಿ

ಹನ್ನೊಂದು ತಿಂಗಳ ಸಿದ್ಧ ಕರಾರನ್ನು ಟೈಪಿಂಗ್ ಅಂಗಡಿಯಲ್ಲಿ ಹೆಸರು ಬದಲಿಸಿ ತರುವ ರೂಢಿ ನಮ್ಮದು. ಅದರಲ್ಲಿ ಬಾಡಿಗೆದಾರರ ಊರಿನ ವಿಳಾಸ, ತುರ್ತು ಸಂಪರ್ಕಕ್ಕೆ ಒಬ್ಬ ಬಂಧುವಿನ ಹೆಸರು, ವಾಟ್ಸಾಪ್ ಮತ್ತು ಇಮೇಲ್‌ಗೆ ಕಳಿಸಿದ ನೋಟಿಸನ್ನು ತಲುಪಿದಂತೆಯೇ ತಿಳಿಯಲಾಗುವುದು ಎಂಬ ಮಾತು, ಮನೆ ಬಿಟ್ಟ ಮೇಲೆ ಉಳಿದ ಸಾಮಾನನ್ನು ಎಷ್ಟು ದಿನದೊಳಗೆ ಒಯ್ಯಬೇಕು, ಜೋಪಾನದ ಖರ್ಚನ್ನು ಅಡ್ವಾನ್ಸಿನಲ್ಲಿ ಹಿಡಿಯಬಹುದೇ ಎಂಬ ಷರತ್ತು ಇರಲಿ. ಈ ಸಾಲುಗಳಿದ್ದ ಮಾತ್ರಕ್ಕೆ ಕೋರ್ಟಿನ ದಾರಿ ತಪ್ಪುವುದಿಲ್ಲ, ಆದರೆ ಎರಡನೇ ಸೂತ್ರದ ಅರ್ಜಿ ಹಾಕಿದ ದಿನ ನ್ಯಾಯಾಧೀಶರ ಮುಂದೆ ತೋರಿಸಲು ಬಾಡಿಗೆದಾರರೇ ಸಹಿ ಹಾಕಿದ ಹಾಳೆಯೊಂದು ಕೈಯಲ್ಲಿರುತ್ತದೆ.